ಬೆನ್ನುಹುರಿಯ ನಡುವಿನ ಗೆರೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಕ್ಯಾನ್ ಯಂತ್ರ ನಡೆಸುವ ಹೆಂಗಸಿಗೆ ಜೊತೆಯವರು ಇಟ್ಟ ಹೆಸರು ಇನ್ನೊಮ್ಮಕ್ಕ. ರೋಗಿಯನ್ನು ಯಂತ್ರದ ಸುರಂಗದೊಳಗೆ ಕಳಿಸುವ ಮೊದಲು ಜೇಬಿನಲ್ಲಿ ಕಬ್ಬಿಣದ ಚೂರೇನಾದರೂ ಇದೆಯೇ ಎಂದು ಕೇಳುವಳು. ಇಲ್ಲ ಎಂದರೆ ಇನ್ನೊಮ್ಮೆ ಕೇಳುವಳು. ತೆಗೆದ ಚಿತ್ರ ಚೆನ್ನಾಗಿಯೇ ಬಂದಿದ್ದರೂ ಒಂದು ಮೂಲೆ ಮಸುಕು ಅನ್ನಿಸಿದರೆ ಸಾಕು, "ಇನ್ನೊಮ್ಮೆ ತೆಗೆಯೋಣ, ಅಲ್ಲಾಡಬೇಡಿ" ಎನ್ನುವಳು. ಮನೆಯಲ್ಲೂ ಅದೇ ಪಾಡು. ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ನಾಲ್ಕನೆಯ ಸಲ ಜಗ್ಗುವಳು. ಅವಳ ಗಂಡನಿಗೆ ಕ್ಷೌರದ ಅಂಗಡಿ. "ನಾನೂ ನಿನ್ನ ಹಾಗೆ ಇನ್ನೊಮ್ಮೆ ಇನ್ನೊಮ್ಮೆ ಅಂತ ಕತ್ತರಿ ಆಡಿಸ್ತಾ ಹೋದ್ರೆ ಗಿರಾಕಿ ತಲೆ ಮೇಲೆ ಕಿವಿ ಒಂದೇ ಉಳಿಯೋದು" ಎಂದು ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಅವಳು ಅದೇ ಆಸ್ಪತ್ರೆಯಲ್ಲಿ ಮೊದಲು ಚೀಟಿ ಬರೆಯುತ್ತಿದ್ದವಳು. ಮದುವೆಯಾಗಿ ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮೂರು ವರ್ಷ ಸಂಜೆ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಿ ಯಂತ್ರದ ಮುಂದೆ ಕೂತಳು. ಹನ್ನೊಂದು ವರ್ಷವಾಗಿದ್ದರೂ ಹಗಲು ಕಾಲೇಜಿನಲ್ಲಿ ಓದಿದವರ ನಡುವೆ ಹಿತ್ತಲ ಬಾಗಿಲಿಂದ ಒಳಬಂದವಳ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಯಾರೋ ಒಂದು ದಿನ ಬಂದು ‘ನೀವು ಇಲ್ಲಿ ಹೇಗೆ?’ ಎಂದು ಕೇಳಿಯಾರು ಎಂಬ ಭಯ. ಆ ಭಯಕ್ಕೇ ಎಲ್ಲವನ್ನೂ ಎರಡೆರಡು ಸಲ ನೋಡುತ್ತಿದ್ದಳು.

ಆ ಸೋಮವಾರ ಮಾತ್ರ ಅವಳು ಇನ್ನೊಮ್ಮೆ ಎನ್ನಬೇಕಾದಲ್ಲಿ ಎನ್ನಲಿಲ್ಲ.

ಅವತ್ತು ಬಂದವನು ಒಬ್ಬ ಬೈಂಡರ್, ಪುಸ್ತಕಗಳಿಗೆ ರಟ್ಟು ಕಟ್ಟುವವನು. ವಯಸ್ಸು ಐವತ್ತರ ಹತ್ತಿರ. ಗಾಲಿಕುರ್ಚಿ ಬೇಡವೆಂದು ಕೋಲು ಊರಿಕೊಂಡೇ ಬಂದ. ಜೊತೆಗೆ ಅವನ ಚಿಕ್ಕಮ್ಮ. ಚಿಕ್ಕಮ್ಮ ಎಂದರೂ ಅವನಿಗಿಂತ ಒಂಬತ್ತೇ ವರ್ಷ ದೊಡ್ಡವಳು. ಇಬ್ಬರೂ ಸೇರಿ ಅಂಗಡಿ ನಡೆಸುತ್ತಿದ್ದರು. ಹಾಳೆಗಳನ್ನು ಜೋಡಿಸಿ ಹೊಲಿಯುವುದು ಅವಳು, ಅಂಟು ಕಾಯಿಸಿ ರಟ್ಟು ಕೂರಿಸುವುದು ಅವನು.

ಆರು ವರ್ಷದಿಂದ ಅವನಿಗೆ ನರದ ಹೊದಿಕೆ ಕಳಚುವ ಕಾಯಿಲೆ. ವಿದ್ಯುತ್ ತಂತಿಯ ಮೇಲಿನ ರಬ್ಬರು ಅಲ್ಲಲ್ಲಿ ಸುಲಿದ ಹಾಗೆ ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ನರಗಳ ಮೇಲಿನ ಪೊರೆ ತೇಪೆ ತೇಪೆಯಾಗಿ ಹೋಗುತ್ತದೆ. ಸುದ್ದಿ ಮುಟ್ಟಬೇಕಾದ ಕಡೆಗೆ ಮುಟ್ಟುವುದಿಲ್ಲ, ಮುಟ್ಟಿದರೂ ತಡವಾಗಿ ಮುಟ್ಟುತ್ತದೆ. ಅದರೊಂದಿಗೆ ಬಾಳುವುದನ್ನು ಅವನು ಕಲಿತಿದ್ದ. ಈಗಿನದು ಹೊಸದು. ಹಿಂದಿನ ವಾರ ಕುದಿಯುವ ಅಂಟಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಮೇಜಿನವರೆಗೆ ತಂದಿಟ್ಟಿದ್ದ. ಬಿಸಿ ಗೊತ್ತೇ ಆಗಿರಲಿಲ್ಲ.

"ಚರ್ಮ ಸುಟ್ಟ ವಾಸನೆ ಬರ್ತಿದೆ ಅಂತ ನಾನು ಹೇಳ್ಬೇಕಾಯ್ತು" ಎಂದಳು ಚಿಕ್ಕಮ್ಮ, ಅವನ ಬಲಗೈಯ ಬ್ಯಾಂಡೇಜು ತೋರಿಸುತ್ತ. "ಇವನು ಅಂಟು ಸೀದಿದೆ ಅಂತಾನೆ!"

"ಅಂಟೂ ಸೀದಿತ್ತು ಚಿಕ್ಕಮ್ಮ" ಎಂದ ಬೈಂಡರ್.

ಕತ್ತಿನ ಭಾಗದ ಬೆನ್ನುಹುರಿಯ ಚಿತ್ರ ಬೇಕೆಂದು ನರರೋಗದ ಡಾಕ್ಟರು ಬರೆದಿದ್ದರು. ಒಂದೊಂದು ಸುತ್ತಿಗೂ ಏಳು ನಿಮಿಷ. ಅಷ್ಟು ಹೊತ್ತು ಕದಲದೆ ಮಲಗಬೇಕು. ಬೈಂಡರ್ ಮನಸ್ಸಿಟ್ಟು ಮಲಗಿದ, ಆದರೆ ಅವನ ಕಾಲು ಅವನ ಮಾತು ಕೇಳುವ ಕಾಲ ಅದಾಗಿರಲಿಲ್ಲ. ಐದನೆಯ ನಿಮಿಷಕ್ಕೆ ಸೆಟೆದು ಒದೆಯಿತು, ಇಡೀ ಮೈ ಅದುರಿತು, ಚಿತ್ರ ಕೆಟ್ಟಿತು. ಇನ್ನೊಮ್ಮೆ. ಮತ್ತೆ ಆರನೆಯ ನಿಮಿಷಕ್ಕೆ ಅದೇ ಕಥೆ. ಮೈಕಿನಲ್ಲಿ ಅವನ ಉಸಿರು ಕೇಳುತ್ತಿತ್ತು, ಹಲ್ಲು ಕಚ್ಚಿಕೊಂಡವನ ಉಸಿರು.

ಚಿಕ್ಕಮ್ಮ ಗಾಜಿನ ಹತ್ತಿರ ಬಂದು ನಿಂತಳು. "ಸಾಕು ಬಿಡಮ್ಮ. ನಿನಗೂ ಮನೇಲಿ ಅಣ್ಣತಮ್ಮಂದಿರು ಇರ್ತಾರೆ. ಬಂದಷ್ಟು ತೆಗೆದು ಕಳಿಸಿಬಿಡು."

ಇನ್ನೊಮ್ಮಕ್ಕ ಆಗ ಒಂದು ಉಪಾಯ ಮಾಡಿದಳು. ಯಂತ್ರ ಚಿತ್ರವನ್ನು ಮಗ್ಗದ ಹಾಗೆ ಸಾಲು ಸಾಲಾಗಿ ನೇಯುತ್ತದೆ. ಸಾಲು ಕಡಿಮೆ ಮಾಡಿದರೆ ಚಿತ್ರ ಒರಟಾಗುತ್ತದೆ, ಆದರೆ ಬೇಗ ಮುಗಿಯುತ್ತದೆ. ಅವಳು ಸಾಲನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಳು. ಕಾಲು ಒದೆಯುವಷ್ಟರಲ್ಲಿ ಚಿತ್ರ ಮುಗಿದಿತ್ತು. ಕತ್ತನ್ನು ಅಡ್ಡಡ್ಡ ಕತ್ತರಿಸಿದಂತೆ ತೋರಿಸುವ ಚಿತ್ರಗಳನ್ನೂ ತೆಗೆಯಬೇಕಿತ್ತು, ಅದನ್ನು ಬಿಟ್ಟಳು. ಚಿಕ್ಕಮ್ಮ ಅವಳ ಕೈ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. ಅಂಥ ಮಾತು ಅವಳಿಗೆ ದಿನಾ ಸಿಗುವುದಲ್ಲ. ಚಿತ್ರದ ಜೊತೆ ಹೋಗುವ ಷರಾ ಕಾಲಮ್ಮಿನಲ್ಲಿ ‘ರೋಗಿ ಅಲ್ಲಾಡಿದ್ದರಿಂದ ಸಾಲು ಕಡಿಮೆ’ ಎಂದು ಬರೆಯಬೇಕೆಂದುಕೊಂಡಳು. ಅಷ್ಟರಲ್ಲಿ ಸ್ಟ್ರೆಚರ್ ಮೇಲೆ ಮುಂದಿನ ರೋಗಿ ಬಂದ. ಕಾಲಮ್ಮು ಖಾಲಿಯೇ ಹೋಯಿತು.

ಬುಧವಾರ ಮಧ್ಯಾಹ್ನ ಚಿಕ್ಕಮ್ಮ ಒಬ್ಬಳೇ ಬಂದಳು. ಮುಖ ಇಳಿದಿತ್ತು.

"ಆ ಚಿತ್ರದ ಇನ್ನೊಂದು ಪ್ರತಿ ಬೇಕಂತೆ, ಆಪರೇಷನ್ ಕೋಣೆಗೆ."

"ಯಾವ ಆಪರೇಷನ್ ಚಿಕ್ಕಮ್ಮ?"

"ಟೊಳ್ಳಂತೆ. ಬೆನ್ನುಹುರಿ ಒಳಗೆ ಉದ್ದಕ್ಕೆ ಕೊಳವೆ ತರ ಟೊಳ್ಳಾಗಿ ನೀರು ತುಂಬಿದೆಯಂತೆ. ಅದಕ್ಕೇ ಬಿಸಿ ಗೊತ್ತಾಗ್ತಿಲ್ಲ ಅಂದ್ರು ಸರ್ಜನ್. ಕತ್ತಿನ ಹಿಂದೆ ಮೂಳೆ ತೆಗೆದು, ಒಂದು ಸಣ್ಣ ನಳಿಗೆ ಇಟ್ಟು ನೀರು ಇಳಿಸ್ತಾರಂತೆ. ಶನಿವಾರ ಬೆಳಿಗ್ಗೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಕೈ ಪೂರ್ತಿ ಬಿದ್ದು ಹೋದ್ರೂ ಹೋಗಬಹುದು ಅಂತ ಕಾಗದದ ಮೇಲೆ ಸಹಿ ಹಾಕಿಸ್ಕೊಂಡ್ರು. ಕೈ ಹೋದ್ರೆ ಅವನಿಗೆ ಏನು ಉಳಿಯುತ್ತೆ, ಹೇಳು?"

ಇನ್ನೊಮ್ಮಕ್ಕ ಚಿತ್ರವನ್ನು ಪರದೆಯ ಮೇಲೆ ತೆರೆದಳು. ಬೂದು ಬಣ್ಣದ ಬೆನ್ನುಹುರಿ, ಅದರ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ, ಅಡಿಕೋಲು ಇಟ್ಟು ಎಳೆದಂತೆ ನೇರ. ಸೋಮವಾರ ಅದನ್ನು ಅವಳು ನೋಡಿಯೇ ಇರಲಿಲ್ಲ. ಚಿತ್ರ ಅಲ್ಲಾಡಿಲ್ಲ ಎಂಬುದಷ್ಟನ್ನೇ ನೋಡಿ ನಿಟ್ಟುಸಿರು ಬಿಟ್ಟಿದ್ದಳು. ಈಗ ಅವಳು ಮೌಸು ಬಿಟ್ಟು ಪರದೆಯ ಹತ್ತಿರಕ್ಕೆ ಬಾಗಿದಳು.

ಸಂಜೆ ತರಗತಿಯ ಮೇಷ್ಟ್ರೊಬ್ಬರು ಒಂದು ದಿನ ಬೋಗುಣಿಯಲ್ಲಿ ನೀರು ತಂದು ಎರಡು ಕಡೆಯ ಅಂಚನ್ನು ಒಟ್ಟಿಗೆ ತಟ್ಟಿ ತೋರಿಸಿದ್ದರು. ಎರಡೂ ಕಡೆಯಿಂದ ಅಲೆ ಹೊರಟು ನಡುವೆ ಸೇರಿ ಒಂದು ಏರು ಎದ್ದಿತು. ‘ಸಾಲು ಕಡಿಮೆಯಾದರೆ ಯಂತ್ರಕ್ಕೆ ಅಂಚು ಸರಿಯಾಗಿ ಬರೆಯಲು ಬರುವುದಿಲ್ಲ. ಅಂಚಿನಿಂದ ಹೀಗೆ ಸುಳ್ಳು ಅಲೆ ಏಳುತ್ತದೆ. ಬೆನ್ನುಹುರಿ ಸಪೂರ, ಎರಡು ಅಂಚಿನ ಅಲೆಯೂ ನಡುವೆ ಕೂಡಿ ಅಲ್ಲಿಲ್ಲದ ಗೆರೆಯೊಂದನ್ನು ಬರೆದುಬಿಡುತ್ತದೆ. ತೀರ ನೇರವಾದ ಗೆರೆ ಕಂಡರೆ ಮೊದಲು ನಿಮ್ಮನ್ನು ಅನುಮಾನಿಸಿ, ಆಮೇಲೆ ರೋಗಿಯನ್ನು.’ ಎಲ್ಲರೂ ಬೋಗುಣಿ ನೋಡಿ ನಕ್ಕಿದ್ದರು. ಅವಳೊಬ್ಬಳು ಮಾತ್ರ ಅಷ್ಟನ್ನೂ ಬರೆದುಕೊಂಡಿದ್ದಳು. ಬರೆದುಕೊಂಡೂ ಹೀಗಾಯಿತು.

ಚಿಕ್ಕಮ್ಮನ ಮುಂದೆ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಪ್ರತಿ ತೆಗೆದು ಕೈಗಿತ್ತಳು. ಅದು ಅವಳ ಎರಡನೆಯ ತಪ್ಪು, ಮತ್ತು ಅದು ಅವಳಿಗೆ ಆಗಲೇ ಗೊತ್ತಿತ್ತು.

ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ದಿನಕ್ಕೆ ಎಷ್ಟು ರೋಗಿಗಳು, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಎಂಬುದು ಅವನ ಬಾಯಿಪಾಠ. ಅವಳು ಹೇಳಿದ್ದನ್ನು ಅವನು ಪೂರ್ತಿ ಕೇಳಿದ, ಮಧ್ಯೆ ಎರಡು ಸಲ ಗೋಡೆಯ ಗಡಿಯಾರ ನೋಡಿದ.

"ರಿಪೋರ್ಟ್‌ಗೆ ಸಹಿ ಹಾಕಿದ್ದು ಯಾರು? ಓದೋ ಡಾಕ್ಟರು. ಕತ್ತರಿ ಹಿಡಿಯೋದು ಯಾರು? ಸರ್ಜನ್. ನಡುವೆ ನಿಂದೇನು?"

"ಸಾಲು ಇಳಿಸಿದ್ದು ನಾನು ಸಾರ್. ಬರೀಲಿಲ್ಲ."

"ನಿಜವಾಗ್ಲೂ ಟೊಳ್ಳೇ ಇದ್ರೆ? ನಿನ್ನ ಮಾತು ಕೇಳಿ ಆಪರೇಷನ್ ನಿಲ್ಸಿ, ಆಮೇಲೆ ಅವನ ಕೈ ಬಿದ್ದು ಹೋದ್ರೆ? ಆಗ ಯಾರ ಕುತ್ತಿಗೆಗೆ ಬರುತ್ತೆ?" ಅವನು ದನಿ ತಗ್ಗಿಸಿದ. "ಇರಲಾರದೆ ಇರುವೆ ಬಿಟ್ಕೋಬೇಡ. ಹೋಗು, ಮೂರು ಜನ ಕಾಯ್ತಿದಾರೆ."

ಅವನು ಕೆಟ್ಟವನಲ್ಲ. ಅವನು ಕೇಳಿದ್ದು ಅವಳೂ ಕೇಳಿಕೊಂಡ ಪ್ರಶ್ನೆಯೇ. ಬಿಸಿ ತಿಳಿಯದ ಕೈ ಇರುವುದು ಸುಳ್ಳಲ್ಲ. ಅಂಥ ಕೈಯನ್ನು ಟೊಳ್ಳೂ ತರಬಹುದು, ಹೊದಿಕೆ ಕಳಚಿದ ತೇಪೆಯೂ ತರಬಹುದು. ಟೊಳ್ಳಿಗೆ ಚಾಕು, ತೇಪೆಗೆ ಔಷಧಿ. ಯಾವುದೆಂದು ಹೇಳಬೇಕಾದ ಚಿತ್ರವೇ ಅವಳ ಕೈಯಲ್ಲಿ ಕೆಟ್ಟಿತ್ತು. ಸುಮ್ಮನಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾದೀತು. ಮಾತಾಡಿದರೆ ಬೇಕಾದ ಬರೆಯನ್ನೇ ತಪ್ಪಿಸಿದಂತಾದೀತು.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಗಂಡನ ಅಂಗಡಿಗೆ ಹೋದಳು. ಕೊನೆಯ ಗಿರಾಕಿ ಎದ್ದು ಹೋಗಿದ್ದ. ಗಂಡ ಕೂದಲು ಗುಡಿಸುತ್ತಿದ್ದ. ಅವಳು ಗಿರಾಕಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು.

"ಇವತ್ತು ಬೀಗ ಎಷ್ಟು ಸಲ ಜಗ್ಗಿದೆ?" ಎಂದು ಅವನು ಕೇಳಿದ.

"ತಮಾಷೆ ಬೇಡ."

"ತಮಾಷೆ ಅಲ್ಲ ಮಾರಾಯ್ತಿ. ಬೇಡದ್ದಕ್ಕೆಲ್ಲ ಹತ್ತು ಸಲ ನೋಡ್ತೀಯ, ಬೇಕಾದಾಗ ಒಂದು ಸಲ ಕೇಳೋಕೆ ಹೆದರ್ತೀಯ." ಅವನು ಪೊರಕೆ ಮೂಲೆಗಿಟ್ಟು, ಹಿಂದಲೆ ತೋರಿಸುವ ಕೈಗನ್ನಡಿ ತೆಗೆದ. "ಹೋದ ವರ್ಷ ಒಬ್ಬ ಗಿರಾಕಿ ಇದರಲ್ಲಿ ಕತ್ತು ನೋಡ್ಕೊಂಡು, ಬ್ಲೇಡ್ ತಾಗಿಸಿದೀಯಾ ಅಂತ ಹಾರಾಡಿದ. ನೋಡಿದ್ರೆ ಹೌದು, ಕತ್ತಿನ ಮೇಲೆ ಉದ್ದಕ್ಕೆ ಗೀರು. ನನಗೂ ಎದೆ ಧಸಕ್ಕಂತು."

"ಆಮೇಲೆ?"

"ಆಮೇಲೆ ಏನು, ಕನ್ನಡಿ ತಿರುಗಿಸಿದೆ." ಅವನು ಕನ್ನಡಿಯನ್ನು ಅಡ್ಡಕ್ಕೆ ಹಿಡಿದ. "ಗೀರೂ ಜೊತೆಗೆ ತಿರುಗ್ತು. ಕತ್ತಿನ ಗಾಯ ಆಗಿದ್ರೆ ಕತ್ತಲ್ಲೇ ಇರ್ತಿತ್ತು. ಕನ್ನಡೀದಾದ್ರೆ ಕನ್ನಡಿ ಹಿಂದೆ ಹೋಗುತ್ತೆ. ಗಿರಾಕಿಗೆ ಇಷ್ಟುದ್ದ ಭಾಷಣ ಮಾಡೋ ಬದಲು ತಿರುಗಿಸಿ ತೋರ್ಸಿದೆ, ಮುಗೀತು."

ಅವಳು ಕನ್ನಡಿಯನ್ನೇ ನೋಡುತ್ತ ಕೂತಳು. ಇದೂ ತರಗತಿಯಲ್ಲಿ ಹೇಳಿದ್ದೇ. ಸಾಲು ನೇಯುವ ದಿಕ್ಕು ಬದಲಿಸು, ಸಾಲು ಹೆಚ್ಚಿಸು. ಯಂತ್ರದ ಗೆರೆಯಾದರೆ ಸರಿಯುತ್ತದೆ ಇಲ್ಲವೇ ಅಳಿಯುತ್ತದೆ, ರೋಗಿಯದಾದರೆ ಇದ್ದಲ್ಲೇ ಇರುತ್ತದೆ. ಗೆರೆ ಸುಳ್ಳೋ ನಿಜವೋ ಎಂದು ಅವಳು ಹೇಳಬೇಕಿರಲಿಲ್ಲ. ಗೊತ್ತಿಲ್ಲ, ಇನ್ನೊಮ್ಮೆ ನೋಡಬೇಕು ಎಂದಷ್ಟು ಹೇಳಿದರೆ ಸಾಕಿತ್ತು. ಅದು ಅವಳಿಗೆ ಚೆನ್ನಾಗಿ ಬರುವ ಮಾತು.

"ಕೆಲಸ ಹೋದ್ರೆ?" ಎಂದಳು.

"ಇಲ್ಲಿ ಗುಡಿಸೋಕೆ ಜನ ಬೇಕು. ಆದ್ರೆ ಒಂದೇ ಸಲ ಗುಡಿಸ್ಬೇಕು, ನೋಡು."

ಗುರುವಾರ ಬೆಳಿಗ್ಗೆ ಎಂಟಕ್ಕೇ ಅವಳು ಚಿತ್ರ ಓದುವ ಡಾಕ್ಟರಮ್ಮನ ಕೋಣೆಯ ಮುಂದೆ ನಿಂತಿದ್ದಳು. ಡಾಕ್ಟರಮ್ಮ ಮಾತು ಕಡಿಮೆಯವರು. ಕಪ್ಪು ಕೋಣೆಯಲ್ಲಿ ಮೂರು ಪರದೆಗಳ ಮುಂದೆ ದಿನವಿಡೀ ಕೂರುವವರು. ಅವಳು ನಿಂತುಕೊಂಡೇ ಹೇಳಿದಳು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತಂದಿದ್ದಳು, ಆದರೆ ಆ ಕತ್ತಲಲ್ಲಿ ಅಕ್ಷರ ಕಾಣಲಿಲ್ಲ.

"ಎಷ್ಟು ಸಾಲು?" ಎಂದು ಡಾಕ್ಟರಮ್ಮ ಕೇಳಿದರು.

"ನೂರಿಪ್ಪತ್ತೆಂಟು."

"ಯಾಕೆ ಬರೀಲಿಲ್ಲ?"

ಸ್ಟ್ರೆಚರ್ ಬಂದಿತ್ತು, ರೋಗಿಗೆ ನೋವಿತ್ತು, ಚಿಕ್ಕಮ್ಮ ಬೇಡಿಕೊಂಡರು. ನಾಲಗೆಯ ತುದಿಗೆ ಬಂದ ಅಷ್ಟನ್ನೂ ನುಂಗಿಕೊಂಡು, "ಮರೆತೆ" ಎಂದಳು.

ಡಾಕ್ಟರಮ್ಮ ಚಿತ್ರ ತೆರೆದರು. ಕೆಳಮೂಲೆಗೆ ಬೆರಳಿಟ್ಟರು. ಅಲ್ಲಿ ಇರುವೆಗಾತ್ರದ ಅಂಕಿಗಳಲ್ಲಿ ನೂರಿಪ್ಪತ್ತೆಂಟು ಎಂದು ಯಂತ್ರ ತಾನೇ ಬರೆದಿತ್ತು.

"ಇದು ಇಲ್ಲೇ ಇತ್ತು. ನಾನೂ ನೋಡ್ಬೇಕಿತ್ತು. ಕೈಗೆ ಬಿಸಿ ಗೊತ್ತಾಗಲ್ಲ ಅಂತ ಚೀಟಿಯಲ್ಲಿ ಓದಿದೆ, ಟೊಳ್ಳು ಹುಡುಕಿದೆ, ಸಿಕ್ತು." ಅವರು ಫೋನ್ ಎತ್ತಿಕೊಂಡರು. "ಸರ್ಜನ್‌ಗೆ ನಾನು ಹೇಳ್ತೀನಿ. ರೋಗಿಗೆ ನೀವು ಹೇಳಿ. ಇವತ್ತೇ ತೆಗೀರಿ. ಹಳೆ ಚಿತ್ರ ಇದ್ರೆ ತರೋಕೆ ಹೇಳಿ."

ಅಷ್ಟು ಸುಲಭವಾಗಿ ಬೈಗುಳ ತಪ್ಪಿದ್ದಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಆ ಬೈಗುಳ ಮಧ್ಯಾಹ್ನ ಚಿಕ್ಕಮ್ಮನಿಂದ ಸಿಕ್ಕಿತು.

"ಅಂದ್ರೆ? ಮೂರು ದಿನದಿಂದ ನಾವು ಊಟ ನಿದ್ದೆ ಬಿಟ್ಟು ಕೂತಿದ್ದು, ನೀನು ಒಂದು ಸಾಲು ಬರೀಲಿಲ್ಲ ಅಂತ?"

"ಹೌದು ಚಿಕ್ಕಮ್ಮ."

"ನಿನ್ನೆ ನನ್ನ ಮುಖ ನೋಡ್ಕೊಂಡು ಆ ಹಾಳು ಚಿತ್ರಾನ ಇನ್ನೊಂದು ಕೊಟ್ಟೆಯಲ್ಲ, ಆಗ ಗೊತ್ತಿತ್ತಾ?"

"ಅನುಮಾನ ಇತ್ತು."

"ಹೊಟ್ಟೆ ತಣ್ಣಗಿರಲಿ ಅಂದಿದ್ದೆ ನಿನಗೆ!" ಚಿಕ್ಕಮ್ಮ ಆ ಹರಕೆಯನ್ನು ವಾಪಸು ಪಡೆಯುವವಳ ಹಾಗೆ ಕೈ ಚಾಚಿದಳು.

ಬೈಂಡರ್ ಕೋಲಿನ ಮೇಲೆ ಗದ್ದ ಊರಿಕೊಂಡು ಕೂತಿದ್ದ. "ಚಿಕ್ಕಮ್ಮ, ಆ ದಪ್ಪ ನಿಘಂಟು ನೆನಪಿದೆಯಾ? ನಡುವಿನ ಹದಿನಾರು ಹಾಳೆ ತಲೆಕೆಳಗಾಗಿ ಹೊಲಿದಿದ್ಯಲ್ಲ."

"ಅದನ್ನೀಗ ಯಾಕೆ ತೆಗೀತೀಯ?"

"ರಟ್ಟು ಕೂರಿಸಿದ ಮೇಲೆ ಗೊತ್ತಾಯ್ತು. ಯಾರೂ ನೋಡಲ್ಲ ಬಿಡು ಅಂದೆ ನಾನು. ನೀನೇ ಬಿಚ್ಚಿ ಮತ್ತೆ ಹೊಲಿದೆ." ಅವನು ಇನ್ನೊಮ್ಮಕ್ಕನ ಕಡೆ ತಿರುಗಿದ. "ನನಗೆ ಇನ್ನೂ ರಟ್ಟು ಕೂರಿಸಿಲ್ಲ. ಬಿಚ್ಚಿ, ನೋಡೋಣ. ಆದ್ರೆ ಈ ಕಾಲಿಗೆ ಏನು ಮಾಡ್ತೀರಿ?"

ಕಾಲಿಗೆ ಮಾಡಬೇಕಾದದ್ದನ್ನೆಲ್ಲ ಅವಳು ಈ ಸಲ ಮಾಡಿದಳು. ಸೆಟೆತ ಇಳಿಸುವ ಮಾತ್ರೆಯನ್ನು ಡಾಕ್ಟರರನ್ನು ಕೇಳಿ ಒಂದು ಗಂಟೆ ಮೊದಲೇ ಕೊಡಿಸಿದಳು. ಮಂಡಿಯ ಕೆಳಗೆ ದಿಂಬು, ಪಾದಕ್ಕೆ ಮರಳಿನ ಚೀಲ. ಆದರೂ ನಂಬಿಕೆ ಬರಲಿಲ್ಲ. ರೋಗಿಯ ಜೊತೆ ಒಬ್ಬರು ಕೋಣೆಯೊಳಗೆ ನಿಲ್ಲಬಹುದು, ಕಿವಿಗೆ ಮುಚ್ಚಳ ಹಾಕಿಕೊಂಡರೆ ಸರಿ. ಆದರೆ ಆಗ ಹೊರಗೆ ಯಂತ್ರ ನಡೆಸಲು ಇನ್ನೊಬ್ಬರು ಬೇಕು. ಅವಳು ಬಾಗಿಲಾಚೆ ನೋಡಿದಳು. ಗಡಿಯಾರ ಕುರ್ಚಿ ಎಳೆದುಕೊಂಡು ಆಗಲೇ ಕೂತಿದ್ದ.

"ನಲವತ್ತೈದು ನಿಮಿಷ ಕೊಟ್ಟಿದೀನಿ" ಎಂದ, ಅವಳ ಮುಖ ನೋಡದೆ. "ಹೆಚ್ಚಾದ್ರೆ ಹೆಚ್ಚಾಗ್ಲಿ."

ಯಂತ್ರ ಗುಡುಗತೊಡಗಿತು. ಇನ್ನೊಮ್ಮಕ್ಕ ಬೈಂಡರನ ಎರಡೂ ಮೊಣಕಾಲಿನ ಕೆಳಗೆ ಅಂಗೈ ಒತ್ತಿ ನಿಂತಳು. ನಾಲ್ಕನೆಯ ನಿಮಿಷಕ್ಕೆ ಚರ್ಮದಡಿ ಸ್ನಾಯು ಹುಳದಂತೆ ಹರಿದಾಡಿದ್ದು ತಿಳಿಯಿತು. ಅವಳು ತನ್ನ ಭಾರವನ್ನೆಲ್ಲ ಬಿಟ್ಟಳು. ಸ್ನಾಯು ಏರಿತು, ನಡುಗಿತು, ಇಳಿಯಿತು. ಏಳು ನಿಮಿಷ. ದಿಕ್ಕು ಬದಲಿಸಿ ಇನ್ನೊಂದು ಏಳು. ಆಮೇಲೆ ಅಡ್ಡ ಚಿತ್ರಗಳು. ಕೊನೆಗೆ ಅವಳ ಸೊಂಟ ಹಿಡಿದುಕೊಂಡಿತ್ತು. ಗಾಜಿನಾಚೆಯಿಂದ ಗಡಿಯಾರ ಹೆಬ್ಬೆರಳು ಎತ್ತಿದ.

ಓದುವ ಕೋಣೆಯ ಕತ್ತಲಲ್ಲಿ ಡಾಕ್ಟರಮ್ಮ, ಅವಳು, ಚಿಕ್ಕಮ್ಮ, ಕುರ್ಚಿಯಲ್ಲಿ ಬೈಂಡರ್. ಮನೆಯವರನ್ನು ಅಲ್ಲಿಗೆ ಬಿಡುವ ರೂಢಿ ಇರಲಿಲ್ಲ. ಚಿಕ್ಕಮ್ಮ ಯಾರನ್ನೂ ಕೇಳಿರಲಿಲ್ಲ.

ಉದ್ದನೆಯ ಗೆರೆ ಇರಲಿಲ್ಲ. ಒಂದು ದಿಕ್ಕಿನಲ್ಲೂ ಇಲ್ಲ, ಇನ್ನೊಂದು ದಿಕ್ಕಿನಲ್ಲೂ ಇಲ್ಲ. ಇನ್ನೊಮ್ಮಕ್ಕ ಉಸಿರು ಬಿಡುವಷ್ಟರಲ್ಲಿ ಡಾಕ್ಟರಮ್ಮ ಕತ್ತಿನ ಐದನೆಯ ಮೂಳೆಯ ಹತ್ತಿರ ಚಿತ್ರವನ್ನು ದೊಡ್ಡದು ಮಾಡಿದರು. ಅಲ್ಲಿ ಒಂದು ಮಸುಕು ತೇಪೆ, ತೇಪೆಯ ಒಳಗೆ ಎಳ್ಳಿನಷ್ಟು ಒಂದು ಬಿಳಿ ಚುಕ್ಕೆ. ದಿಕ್ಕು ಬದಲಿಸಿದರೂ ಅದು ಅಲ್ಲೇ ಇತ್ತು. ಅಡ್ಡ ಚಿತ್ರದಲ್ಲೂ ಅಲ್ಲೇ.

"ಇದು ನಿಜವಾದ ಟೊಳ್ಳು" ಎಂದರು ಡಾಕ್ಟರಮ್ಮ. "ಸಣ್ಣದು."

ಇನ್ನೊಮ್ಮಕ್ಕ ಆ ಚುಕ್ಕೆಯನ್ನೇ ನೋಡಿದಳು. ಹಾಗಾದರೆ ಸರ್ಜನ್ ಹೇಳಿದ್ದೇ ಸರಿಯೇ?

"ಹೊಸದೋ ಹಳೆಯದೋ ಅಂತ ಗೊತ್ತಾಗ್ಬೇಕು. ಬೆಳೀತಾ ಇದ್ರೆ ಒಂದು ಮಾತು, ಇದ್ದಷ್ಟೇ ಇದ್ರೆ ಬೇರೆ ಮಾತು. ಹಳೆ ಚಿತ್ರ ತಂದ್ರಾ?"

ಚಿಕ್ಕಮ್ಮ ಚೀಲದಿಂದ ಒಂದು ದೊಡ್ಡ ಪುಸ್ತಕ ತೆಗೆದಳು. ಕಂದು ಬಟ್ಟೆಯ ರಟ್ಟು, ಮೂಲೆಗೆ ಚರ್ಮ, ಬೆನ್ನಿಗೆ ಅಂಟಿಸಿದ ಚೀಟಿ. ಒಳಗೆ ಆರು ವರ್ಷದ ಸ್ಕ್ಯಾನ್ ಹಾಳೆಗಳೆಲ್ಲ ತಾರೀಖಿನ ಪ್ರಕಾರ ಹೊಲಿದು ಕೂತಿದ್ದವು, ಒಂದೊಂದರ ನಡುವೆ ತೆಳು ಕಾಗದ.

"ಬಿಡಿ ಹಾಳೆ ಕಂಡ್ರೆ ಇವನಿಗೆ ಆಗಲ್ಲ" ಎಂದಳು ಚಿಕ್ಕಮ್ಮ.

ಡಾಕ್ಟರಮ್ಮ ಮೊದಲ ಸಲ ನಕ್ಕರು. ಮೂರು ವರ್ಷದ ಹಿಂದಿನ ಹಾಳೆಯನ್ನು ಪುಸ್ತಕದ ಸಮೇತ ಬೆಳಕಿನ ಪೆಟ್ಟಿಗೆಗೆ ಒತ್ತಿ ಹಿಡಿದರು. ಐದನೆಯ ಮೂಳೆ, ಮಸುಕು ತೇಪೆ, ಎಳ್ಳಿನಷ್ಟು ಚುಕ್ಕೆ. ಅಳೆದರು. ಅಷ್ಟೇ ಇತ್ತು. ಆಗ ಅದನ್ನು ಯಾರೂ ಬರೆದಿರಲಿಲ್ಲ.

"ಈ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಹಳೆ ತೇಪೆ ಇದ್ದಲ್ಲಿ ಹೀಗೆ ಸಣ್ಣ ಟೊಳ್ಳು ಉಳಿಯುತ್ತೆ. ಉರಿದು ಹೋದ ಜಾಗ ಅಂದ್ಕೊಳ್ಳಿ. ಇದು ಮೂರು ವರ್ಷದಿಂದ ಸುಮ್ಮನೆ ಕೂತಿದೆ." ಅವರ ಬೆರಳು ಅದರ ಮೇಲಕ್ಕೆ ಸರಿಯಿತು. "ಇದು ನೋಡಿ, ಹಳೇದರಲ್ಲಿ ಇಲ್ಲ. ಹೊಸ ತೇಪೆ. ಕೈಗೆ ಬಿಸಿ ಗೊತ್ತಾಗದೆ ಇರೋದು ಇದರಿಂದ ಇರ್ಬೇಕು. ಇದಕ್ಕೆ ಚಾಕು ಬೇಡ, ಔಷಧಿ. ಸರ್ಜನ್ ಮತ್ತು ನರದ ಡಾಕ್ಟರು ಇಬ್ಬರ ಹತ್ರಾನೂ ಮಾತಾಡ್ತೀನಿ."

"ಕೈ ಮೊದಲಿನ ಹಾಗಾಗುತ್ತಾ?" ಎಂದ ಬೈಂಡರ್.

"ಹೇಳೋಕಾಗಲ್ಲ. ಸ್ವಲ್ಪ ಬರಬಹುದು, ಪೂರ್ತಿ ಬರದೆಯೂ ಇರಬಹುದು."

"ಅಲ್ಲಿವರೆಗೆ ಅಂಟಿನ ಪಾತ್ರೆ ನಾನು ಮುಟ್ಟಿ ನೋಡಿ ಕೊಡ್ತೀನಿ" ಎಂದಳು ಚಿಕ್ಕಮ್ಮ. "ಮದುಮಗನಿಗೆ ಸ್ನಾನದ ನೀರು ಹದ ಮಾಡಿದ ಹಾಗೆ."

ಶನಿವಾರ ಆಪರೇಷನ್ ನಡೆಯಲಿಲ್ಲ. ಬೈಂಡರನಿಗೆ ಐದು ದಿನ ಸೂಜಿಯ ಮೂಲಕ ಔಷಧಿ ಇಳಿಸಿದರು. ಇನ್ನೊಮ್ಮಕ್ಕನಿಗೆ ವಿವರಣೆ ಕೇಳಿ ಒಂದು ಕಾಗದ ಬಂತು. ಅವಳು ಒಂದೂವರೆ ಪುಟ ಬರೆದು, ಅರ್ಧ ಹೊಡೆದುಹಾಕಿ, ಒಂದು ಪುಟ ಕೊಟ್ಟಳು. ಕೆಲಸ ಹೋಗಲಿಲ್ಲ, ಕಡತದಲ್ಲಿ ಎಚ್ಚರಿಕೆಯ ಪತ್ರವೊಂದು ಸೇರಿತು. ಷರಾ ಕಾಲಮ್ಮು ಖಾಲಿ ಇದ್ದರೆ ಚಿತ್ರ ಮುಂದೆ ಹೋಗಕೂಡದು ಎಂದು ಗಡಿಯಾರ ಗೋಡೆಗೆ ಹಾಳೆ ಅಂಟಿಸಿದ.

ಐದನೆಯ ದಿನ ಮನೆಗೆ ಹೋಗುವಾಗ ಬೈಂಡರ್ ನೆಲಮಾಳಿಗೆಗೆ ಬಂದ. ಬಲಗೈಯ ಹೆಬ್ಬೆರಳಿಗೆ ತಣ್ಣಗಿನದು ಸ್ವಲ್ಪ ಗೊತ್ತಾಗುತ್ತಿದೆ ಎಂದ. ಬಿಸಿ ಇನ್ನೂ ಇಲ್ಲ.

"ಎರಡೂ ಚಿತ್ರ ಕೊಡಿ. ಪುಸ್ತಕಕ್ಕೆ ಸೇರಿಸ್ಬೇಕು."

"ಎರಡೂ?"

"ಮೊದಲಿನದೂ. ನಾಳೆ ಇನ್ನೊಬ್ಬ ಡಾಕ್ಟರು ಆ ಹಳೆ ರಿಪೋರ್ಟ್ ನೋಡಿ ಟೊಳ್ಳೆಲ್ಲಿ ಅಂತ ಕೇಳಿದ್ರೆ ನಾನು ಏನು ಹೇಳ್ಲಿ?"

ಅವಳು ಎರಡನ್ನೂ ತೆಗೆದಳು. ತನ್ನ ತಪ್ಪು ಬಟ್ಟೆಯ ರಟ್ಟಿನೊಳಗೆ ಹೊಲಿದು ಯಾರದೋ ಮನೆಯ ಕಪಾಟಿನಲ್ಲಿ ಎಷ್ಟೋ ವರ್ಷ ಕೂರುತ್ತದೆ ಎಂದು ನೆನೆದು ಕೈ ಹಿಂಜರಿಯಿತು. ಆಮೇಲೆ ಪೆನ್ನು ತೆಗೆದುಕೊಂಡು ಮೊದಲ ಚಿತ್ರದ ಅಂಚಿನಲ್ಲಿ ಬರೆದಳು: ‘ರೋಗಿ ಅಲ್ಲಾಡಿದ್ದರಿಂದ ಸಾಲು ಕಡಿಮೆ. ನಡುವಿನ ಉದ್ದ ಗೆರೆ ಯಂತ್ರದ್ದು. ಮುಂದಿನ ಹಾಳೆ ನೋಡಿ.’ ಕೆಳಗೆ ಸಹಿ, ತಾರೀಖು.

"ಹೊಲಿಯೋಕೆ ಅಂಚು ಬಿಟ್ಟು ಬರ್ದಿದಾಳಾ ನೋಡು" ಎಂದಳು ಬಾಗಿಲಲ್ಲಿ ನಿಂತ ಚಿಕ್ಕಮ್ಮ. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಬಿಟ್ಟಿರಲಿಲ್ಲ. ಇನ್ನೊಮ್ಮಕ್ಕ ಹೊಸ ಪ್ರತಿ ತೆಗೆದು, ಎಡಕ್ಕೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಅಷ್ಟನ್ನೂ ಇನ್ನೊಮ್ಮೆ ಬರೆದುಕೊಟ್ಟಳು.